ಎಲ್ಲರಿಗೂ ತಿಂಗಳ ಹಣ: ಅಕ್ಕಿಯ ಬದಲಿಗೋ, ಅಕ್ಕಿಯ ಜೊತೆಗೋ?

ಪ್ರಶ್ನೆ: ನಮ್ಮ ಅತ್ತೆಯವರಿಗೆ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಬರುತ್ತದೆ. ಹೀಗೆ ದೇಶದ ಪ್ರತಿಯೊಬ್ಬರಿಗೂ ತಿಂಗಳು ತಿಂಗಳು ಹಣ ಕೊಡುವ ‘ಸಾರ್ವತ್ರಿಕ ಮೂಲ ಆದಾಯ’ದ ಬಗ್ಗೆ ಓದಿದೆ. ಜನ ಸೋಮಾರಿಗಳಾಗುವುದಿಲ್ಲವೇ? ರೇಷನ್ ನಿಲ್ಲಿಸಿ ಹಣವನ್ನೇ ಕೊಟ್ಟರೆ ಒಳ್ಳೆಯದಲ್ಲವೇ?
– ಓದುಗರು, ಚಿತ್ರದುರ್ಗ ಜಿಲ್ಲೆ

ಉತ್ತರ: ಗೃಹಲಕ್ಷ್ಮಿ ಸಿಗುವುದು ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ನಮೂದಾದ ಒಬ್ಬರಿಗೆ ಮಾತ್ರ. ಅವರಾಗಲಿ ಪತಿಯಾಗಲಿ ಆದಾಯ ತೆರಿಗೆ ಕಟ್ಟುತ್ತಿದ್ದರೆ ಅದೂ ಇಲ್ಲ. ಮೂಲ ಆದಾಯವಾದರೆ ಅತ್ತೆಗೂ ನಿಮಗೂ ಮಾವನವರಿಗೂ ಬೇರೆ ಬೇರೆಯಾಗಿ, ಷರತ್ತಿಲ್ಲದೆ ಬರಬೇಕು. ಅದರ ದೊಡ್ಡ ಗುಣವೇ ಇದು. ಬಡವರನ್ನು ಹುಡುಕಿ ಆರಿಸಲು ಹೊರಟಾಗಲೆಲ್ಲ ಪಟ್ಟಿಯಿಂದ ಬಿಟ್ಟುಹೋಗುವವರು ತೀರಾ ಬಡವರೇ: ಬೆರಳಚ್ಚು ಸವೆದ ಅಜ್ಜಿ, ಊರೂರು ಅಲೆಯುವ ಕೂಲಿಯವರು.

ಸೋಮಾರಿತನದ ಭಯವನ್ನು ನಾನು ಒಪ್ಪುವುದಿಲ್ಲ. 2011–12ರಲ್ಲಿ ಮಧ್ಯಪ್ರದೇಶದ ಎಂಟು ಹಳ್ಳಿಗಳಲ್ಲಿ ಸ್ವಯಂ ಉದ್ಯೋಗಿ ಮಹಿಳೆಯರ ‘ಸೇವಾ’ ಸಂಘಟನೆ ಯುನಿಸೆಫ್ ನೆರವಿನಿಂದ ಇದನ್ನು ಪ್ರಯೋಗಿಸಿ ನೋಡಿತು. ವಯಸ್ಕರಿಗೆ ತಿಂಗಳಿಗೆ 200, ಮಕ್ಕಳಿಗೆ 100 ರೂಪಾಯಿ. ಬಳಿಕ 300 ಮತ್ತು 150. ಕುಡಿತದ ಖರ್ಚು ಹೆಚ್ಚಲಿಲ್ಲ. ಹಲವರು ಪರರ ಹೊಲದ ಕೂಲಿಯನ್ನು ಕಡಿಮೆ ಮಾಡಿ ಸ್ವಂತ ಹೊಲದಲ್ಲಿ ದುಡಿದರು. ಆದರೆ ಆ ಮೊತ್ತ ಸಣ್ಣದು, ಅವಧಿಯೂ ಚಿಕ್ಕದು. ಜೀವನಪೂರ್ತಿ ಬರುವ ಹಣಕ್ಕೆ ಅದನ್ನೇ ಸಾಕ್ಷಿ ಎನ್ನಲಾಗದು.

ನಿಜವಾದ ತೊಡಕು ಲೆಕ್ಕದಲ್ಲಿದೆ. 140 ಕೋಟಿ ಜನರಿಗೆ ತಿಂಗಳಿಗೆ ಸಾವಿರ ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ 16.8 ಲಕ್ಷ ಕೋಟಿ ಬೇಕು. 2024–25ರ ಕೇಂದ್ರ ಬಜೆಟ್ಟಿನ ಒಟ್ಟು ವೆಚ್ಚ ಸುಮಾರು 48 ಲಕ್ಷ ಕೋಟಿ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಇದಕ್ಕೇ ಹೋಗುತ್ತದೆ. ಆಗ ಮೊದಲು ಕಣ್ಣು ಬೀಳುವುದು ರೇಷನ್ ಮೇಲೆ.

ಅಲ್ಲಿಗೆ ನಿಮ್ಮ ಎರಡನೇ ಪ್ರಶ್ನೆ. ಉತ್ತರ ನಮ್ಮ ರಾಜ್ಯದಲ್ಲೇ ಇದೆ. 2023ರ ಜುಲೈಯಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕೆ.ಜಿ.ಗೆ ಅಕ್ಕಿ ಹೊಂದಿಸಲಾಗದೆ ಸರ್ಕಾರ ಕೆ.ಜಿ.ಗೆ 34ರಂತೆ ತಲಾ 170 ರೂಪಾಯಿ ಕೊಟ್ಟಿತು. ಆ 170ಕ್ಕೆ ಅಂಗಡಿಯಲ್ಲಿ ನಿಮಗೆ ಐದು ಕೆ.ಜಿ. ಊಟದ ಅಕ್ಕಿ ಸಿಕ್ಕಿತ್ತೇ? 2025ರ ಫೆಬ್ರುವರಿಯಲ್ಲಿ ಹಣದ ಬದಲು ಮತ್ತೆ ಅಕ್ಕಿಯೇ ಬಂತು. ಐದು ಕೆ.ಜಿ. ಅಕ್ಕಿ ಬೆಲೆ ಏರಿದರೂ ಐದು ಕೆ.ಜಿ.ಯೇ. ರೂಪಾಯಿಗೆ ಆ ಗುಣವಿಲ್ಲ. ಆದ್ದರಿಂದ ಹಣ ರೇಷನ್ನಿನ ಜೊತೆಗೆ ಬರಲಿ. ಅದರ ಜಾಗಕ್ಕೆ ಬರುವುದಾದರೆ ನನ್ನ ವಿರೋಧವಿದೆ.

ಎಲ್ಲರಿಗೂ ಒಂದೇ ಸಲ ಕೊಡಲಾಗದಿದ್ದರೆ ವೃದ್ಧರಿಂದ ಆರಂಭಿಸಬಹುದು. ಬಡತನ ರೇಖೆಗಿಂತ ಕೆಳಗಿನ 60ರಿಂದ 79 ವರ್ಷದವರ ಪಿಂಚಣಿಗೆ ಕೇಂದ್ರದ ಪಾಲು ಹದಿನೈದು ವರ್ಷಗಳಿಗೂ ಹೆಚ್ಚು ಕಾಲದಿಂದ ತಿಂಗಳಿಗೆ 200 ರೂಪಾಯಿಯಲ್ಲೇ ನಿಂತಿದೆ. ಮೊದಲು ಅದನ್ನು ಮನುಷ್ಯರು ಬದುಕುವ ಮೊತ್ತಕ್ಕೆ ಏರಿಸಿ, ಬಿಪಿಎಲ್ ಕಾರ್ಡ್ ಕೇಳದೆ ಪ್ರತಿ ಹಿರಿಯರಿಗೂ ಕೊಡಲಿ, ಬೆಲೆ ಏರಿದಂತೆ ತಾನಾಗಿ ಹೆಚ್ಚುವ ನಿಯಮ ಮಾಡಲಿ.