ಎಸಿಎಲ್ ಶಸ್ತ್ರಚಿಕಿತ್ಸೆಯ ನಂತರ ಸೊರಗಿದ ತೊಡೆ: ಸ್ಕ್ವಾಟ್ ಒಂದೇ ಸಾಲದು

ಎಸಿಎಲ್ (ಮಂಡಿಯೊಳಗಿನ ಅಸ್ಥಿರಜ್ಜು) ಶಸ್ತ್ರಚಿಕಿತ್ಸೆಯಾಗಿ ಆರು ತಿಂಗಳಾಗಿದೆ, ಬಿಡದೆ ಸ್ಕ್ವಾಟ್ ಮಾಡುತ್ತಿದ್ದರೂ ಎಡತೊಡೆ ಸಣ್ಣದಾಗಿಯೇ ಉಳಿದಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ಕಬಡ್ಡಿಯಲ್ಲಿ ಮಂಡಿ ಕೆಡಿಸಿಕೊಂಡು, ಇದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಫಿಸಿಯೋಥೆರಪಿಸ್ಟ್ ಹೇಳಿದಂತೆ ತೂಕ ಎತ್ತಿ ಚೇತರಿಸಿಕೊಂಡವನು.

ನಿಮ್ಮ ಸ್ಕ್ವಾಟೇ ಈ ವ್ಯತ್ಯಾಸವನ್ನು ಪೋಷಿಸುತ್ತಿರಬಹುದು. ಎರಡೂ ಕಾಲೂರಿ ಕುಳಿತೇಳುವಾಗ ದೇಹ ಕಳ್ಳಾಟವಾಡುತ್ತದೆ. ಸೊಂಟ ನಮಗೇ ಅರಿವಾಗದಂತೆ ಗಟ್ಟಿ ಕಾಲಿನತ್ತ ವಾಲುತ್ತದೆ. ಎಡಗಾಲಿನ ಪಾಲಿಗೆ ಬಂದ ಅಷ್ಟಿಷ್ಟು ಭಾರವನ್ನೂ ಪೃಷ್ಠದ ಸ್ನಾಯುಗಳು ಹೊತ್ತುಕೊಳ್ಳುತ್ತವೆ. ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್‌ಗೆ ದಕ್ಕುವುದು ಅಲ್ಪ. ಯಾರಿಂದಲಾದರೂ ಹಿಂದಿನಿಂದ ವಿಡಿಯೊ ತೆಗೆಸಿ ನೋಡಿ. (ಕನ್ನಡಿಯನ್ನು ನಂಬಬೇಡಿ, ಅದರ ಮುಂದೆ ಎಲ್ಲರೂ ನೆಟ್ಟಗೇ ನಿಲ್ಲುತ್ತಾರೆ.)

ಆ ಸ್ನಾಯು ಸೊರಗುವುದಕ್ಕೆ ಕೆಲಸವಿಲ್ಲದಿರುವುದೊಂದೇ ಕಾರಣವಲ್ಲ. ಮಂಡಿ ಊದಿಕೊಂಡಿದ್ದರೆ ಅಲ್ಲಿಂದ ಹೊರಡುವ ನರಸಂಕೇತಗಳು ಕ್ವಾಡ್ರಿಸೆಪ್ಸ್ ಪೂರ್ತಿ ಬಿಗಿಯಾಗದಂತೆ ತಡೆಹಿಡಿಯುತ್ತವೆ. ನೀವು ಎಷ್ಟೇ ಹಟ ಹಿಡಿದರೂ ಅದು ಏಳುವುದಿಲ್ಲ. ಹಾಗಾಗಿ ವ್ಯಾಯಾಮದ ಮರುದಿನ ಬೆಳಿಗ್ಗೆ ಮಂಡಿ ಊದಿದ್ದರೆ ತೂಕ ಇಳಿಸಿ. ಊದಿಲ್ಲದಿದ್ದರೆ ಮಾತ್ರ ಏರಿಸುವ ಯೋಚನೆ ಮಾಡಿ.

ಇನ್ನು ಒಂದೊಂದೇ ಕಾಲಿಗೆ ಕೆಲಸ ಕೊಡಿ: ಒಂಟಿ ಕಾಲಿನ ಲೆಗ್ ಪ್ರೆಸ್, ಸ್ಟೆಪ್ ಅಪ್, ಕುಳಿತು ಮಂಡಿ ಚಾಚಿ ತೂಕ ಎತ್ತುವ ಲೆಗ್ ಎಕ್ಸ್‌ಟೆನ್ಶನ್. ದಣಿವಾಗುವ ಮೊದಲೇ ಎಡಗಾಲಿನಿಂದ ಆರಂಭಿಸಿ, 8ರಿಂದ 12 ಸಲ ಎತ್ತುವಷ್ಟರಲ್ಲಿ ಸಾಕೆನಿಸುವಂಥ ತೂಕ ಇಟ್ಟುಕೊಳ್ಳಿ. ಎಡಕ್ಕೆ ಒಂದು ಸೆಟ್ ಹೆಚ್ಚು ಮಾಡಿ, ಆದರೆ ಬಲಗಾಲನ್ನು ಬಿಟ್ಟುಬಿಡಬೇಡಿ. ಒಂದು ಕಾಲಿಗೆ ಕೊಟ್ಟ ತರಬೇತಿಯ ಬಲ ನರಗಳ ಮೂಲಕ ಇನ್ನೊಂದಕ್ಕೂ ಸ್ವಲ್ಪ ದಾಟುತ್ತದೆ.

ಲೆಗ್ ಎಕ್ಸ್‌ಟೆನ್ಶನ್ ಮಾಡಿದರೆ ಗ್ರಾಫ್ಟ್ (ಹರಿದ ಎಸಿಎಲ್ ಬದಲಿಗೆ ಕೂರಿಸಿದ ಅಂಗಾಂಶ) ಹರಿಯುತ್ತದೆ ಎಂದು ಹೆದರಿಸುವವರು ಪ್ರತಿ ಜಿಮ್‌ನಲ್ಲೂ ಇರುತ್ತಾರೆ. ಮೊದಲ ಕೆಲವು ತಿಂಗಳು ಕಾಲನ್ನು ಪೂರ್ತಿ ಚಾಚದೆ, ಮಂಡಿಯ ಬಾಗು 90ರಿಂದ 45 ಡಿಗ್ರಿಗೆ ಇಳಿಯುವವರೆಗಷ್ಟೇ ಮಾಡಿಸುವುದು ರೂಢಿ. ಆ ಎಚ್ಚರಿಕೆ ಸರಿಯಾದದ್ದೇ. ಆದರೆ ಕ್ವಾಡ್ರಿಸೆಪ್ಸ್ ತಪ್ಪಿಸಿಕೊಳ್ಳಲಾಗದ ವ್ಯಾಯಾಮ ಇದು. ಈಗ ಎಷ್ಟರವರೆಗೆ ಚಾಚಬಹುದೆಂದು ನಿಮ್ಮ ಶಸ್ತ್ರಚಿಕಿತ್ಸಕರನ್ನೇ ಕೇಳಿ. ಗ್ರಾಫ್ಟ್ ಎಲ್ಲಿಂದ ತೆಗೆದದ್ದು ಎಂಬುದನ್ನೂ ಡಿಸ್ಚಾರ್ಜ್ ಸಾರಾಂಶದಲ್ಲಿ ನೋಡಿ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ನಿಂದ ತೆಗೆದಿದ್ದರೆ ಆ ಭಾಗವೂ ದುರ್ಬಲವಾಗಿರುತ್ತದೆ, ಮಂಡಿ ಹಿಂದಕ್ಕೆ ಮಡಚುವ ಲೆಗ್ ಕರ್ಲ್ ಸೇರಿಸಬೇಕಾಗುತ್ತದೆ.

ಟೇಪ್ ಹಿಡಿದು ದಿನವೂ ತೊಡೆ ಅಳೆಯಬೇಡಿ. ಬಲ ಮೊದಲು ಬರುತ್ತದೆ, ಗಾತ್ರ ತಡವಾಗಿ. ಆಟಕ್ಕೆ ಮರಳಲು ಸಾಮಾನ್ಯವಾಗಿ ಕನಿಷ್ಠ 9 ತಿಂಗಳು ಕಳೆದಿರಬೇಕು, ಜೊತೆಗೆ ದುರ್ಬಲ ಕಾಲಿಗೆ ಇನ್ನೊಂದರ 90 ಶೇಕಡದಷ್ಟಾದರೂ ಬಲ ಬಂದಿರಬೇಕು ಎನ್ನುತ್ತಾರೆ. ಆದರೆ ಇಷ್ಟು ತಿಂಗಳಲ್ಲಿ ನಿಮ್ಮ ಬಲಗಾಲೂ ಸೊರಗಿರುತ್ತದೆ, ಅದನ್ನೇ ಅಳತೆಗೋಲು ಮಾಡಿಕೊಂಡರೆ 90 ಸುಲಭವಾಗಿ ಸಿಕ್ಕಂತೆ ಕಾಣುತ್ತದೆ. ಸಾಧ್ಯವಾದರೆ ಯಂತ್ರದಲ್ಲಿ ಬಲ ಅಳೆಸಿ, ದೇಹತೂಕಕ್ಕೆ ಹೋಲಿಸಿ ಹೇಳುವಂತೆ ಕೇಳಿ.

ನಡೆಯುವಾಗ ಮಂಡಿ ಸಡಿಲಗೊಂಡು ಕುಸಿದಂತಾದರೆ ಅಥವಾ ಮಡಚಿದ್ದು ಬಿಚ್ಚದೆ ಸಿಕ್ಕಿಕೊಂಡರೆ ವ್ಯಾಯಾಮ ನಿಲ್ಲಿಸಿ ವೈದ್ಯರಿಗೆ ತೋರಿಸಿ.