ಒಂದೇ ಮೆಸೇಜ್ ಹತ್ತು ಸಲ ಬಂದು ಮಾಯವಾಗುವುದು: ಪ್ರತಿಕ್ರಿಯೆ

ಒಂದೇ ಆರ್ಡರ್ ಮೆಸೇಜ್ ನಿಮ್ಮ ಮೆಸೇಜ್ ಡ್ರಿವನ್ ಬೀನ್‌ಗೆ (ಕ್ಯೂನಿಂದ ಮೆಸೇಜ್ ತೆಗೆದುಕೊಳ್ಳುವ ಜಾವಾ ಕೋಡ್) ಹತ್ತು ಸಲ ಬಂದು ಆಮೇಲೆ ಕಾಣೆಯಾಗುತ್ತಿದೆ ಅಂದರೆ, ಹೆಚ್ಚಾಗಿ ಅದರ ಆನ್‌ಮೆಸೇಜ್ ಮೆಥಡ್ ಒಳಗಿನ ರನ್‌ಟೈಮ್ ಎಕ್ಸೆಪ್ಶನ್ (ಕೋಡ್ ಓಡುವಾಗ ಬರುವ ದೋಷ) ಕ್ಯಾಚ್ ಆಗದೆ ಹೊರಗೆ ಹೋಗುತ್ತಿದೆ. ಆಗ ಕಂಟೇನರ್ (ಬೀನ್ ನಡೆಸುವ ಸರ್ವರ್) ರೋಲ್‌ಬ್ಯಾಕ್ ಮಾಡುತ್ತದೆ, ಅಂದರೆ ಆ ಕೆಲಸ ರದ್ದು ಮಾಡುತ್ತದೆ, ಮೆಸೇಜ್ ಕ್ಯೂಗೆ ವಾಪಸ್ ಬರುತ್ತದೆ. ಮೆಸೇಜ್ ಕ್ಯೂ ನೋಡಿಕೊಳ್ಳುವ ಆರ್ಟೆಮಿಸ್‌ನಲ್ಲಿ ಹೀಗೆ ಕಳಿಸುವ ಡಿಫಾಲ್ಟ್ ಮಿತಿ 10 ಸಲ. ಡೆಡ್ ಲೆಟರ್ ವಿಳಾಸ (ಸೋತ ಮೆಸೇಜ್‌ಗಳನ್ನು ಕಳಿಸುವ ಜಾಗ) ಇಲ್ಲದಿದ್ದರೆ ಅಷ್ಟಾದ ಮೇಲೆ ಮೆಸೇಜ್ ಅಳಿಸಿಹೋಗುತ್ತದೆ.

ಮೊದಲು ಆ ವಿಳಾಸ ಸೆಟ್ ಮಾಡಿ, ಇವತ್ತೇ. ಅದಕ್ಕೆ ಒಂದು ಕ್ಯೂ ಕೂಡ ಇರಬೇಕು, ಇಲ್ಲದಿದ್ದರೆ ಅಲ್ಲೂ ಮೆಸೇಜ್ ಉಳಿಯುವುದಿಲ್ಲ. ರೀಡೆಲಿವರಿ ಡಿಲೇ (ಮತ್ತೆ ಕಳಿಸುವ ಮುನ್ನ ಕಾಯುವ ಹೊತ್ತು) ಡಿಫಾಲ್ಟ್ 0 ಇರುತ್ತದೆ, 5000 ಮಿಲಿಸೆಕೆಂಡ್ ಕೊಡಿ.

ಆಮೇಲೆ ಲಾಗ್‌ನಲ್ಲಿ ಮೂಲ ಎಕ್ಸೆಪ್ಶನ್ ಹುಡುಕಿ. ಡೇಟಾನೇ ತಪ್ಪಿದ್ದರೆ ಎಷ್ಟು ಸಲ ಓದಿದರೂ ಅಷ್ಟೇ ಅಲ್ವಾ? ಅದನ್ನು ಕ್ಯಾಚ್ ಮಾಡಿ, ಬೇರೆ ಟೇಬಲ್‌ನಲ್ಲಿ ಬರೆದಿಟ್ಟು ಸುಮ್ನೆ ರಿಟರ್ನ್ ಆಗಿ. ಡೇಟಾಬೇಸ್ ಸಿಗದಂಥ ತಾತ್ಕಾಲಿಕ ತೊಂದರೆಗೆ ಮಾತ್ರ ರೋಲ್‌ಬ್ಯಾಕ್ ಬಿಡಿ.

ಡೇಟಾಬೇಸ್‌ನಲ್ಲಿ ಆರ್ಡರ್ ಐಡಿಗೆ ಯೂನಿಕ್ ಕನ್‌ಸ್ಟ್ರೇಂಟ್ (ಒಂದೇ ಐಡಿ ಎರಡು ಸಲ ಸೇರದಂತೆ ತಡೆ) ಹಾಕುವುದನ್ನು ಬಿಡಬೇಡಿ. ನಿಮ್ಮ ಡೇಟಾಸೋರ್ಸ್ (ಡೇಟಾಬೇಸ್ ಸಂಪರ್ಕ) ಎಕ್ಸ್‌ಎ, ಅಂದರೆ ಮೆಸೇಜ್ ಮತ್ತು ಡೇಟಾಬೇಸ್ ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಸೇರಿಸುವಂಥದ್ದು, ಅಲ್ಲದಿದ್ದರೆ ಮೆಸೇಜ್ ವಾಪಸ್ ಹೋದರೂ ಆರ್ಡರ್ ಉಳಿದುಬಿಡಬಹುದು. ಆಗ ಕನ್‌ಸ್ಟ್ರೇಂಟ್ ಇಲ್ಲದಿದ್ದರೆ ಒಂದೇ ಆರ್ಡರ್ ಎರಡು ಸಲ ಸೇರುತ್ತದೆ.

ಪೂರ್ತಿ ಲಾಗ್ ನೋಡದೆ ಇದೇ ಕಾರಣ ಅಂತ ಖಚಿತವಾಗಿ ಹೇಳಲಾರೆ. ಎಕ್ಸೆಪ್ಶನ್ ಕಾಣದಿದ್ದರೆ ಟ್ರಾನ್ಸಾಕ್ಷನ್ ಟೈಮ್‌ಔಟ್ ಆಗಿರಬಹುದು. ವೈಲ್ಡ್‌ಫ್ಲೈ ಅನ್ನುವ ಜಾವಾ ಸರ್ವರ್‌ನಲ್ಲಿ ಆ ಗಡುವು ಡಿಫಾಲ್ಟ್ 300 ಸೆಕೆಂಡ್. ನಿಮ್ಮ ಕೆಲಸ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತಿದೆಯಾ ನೋಡಿ.