ಹತ್ತು ಸಲ ಸೋತ ಕುದುರೆ ಚಾಂಪಿಯನ್ ಹೇಗೆ?

ತುಮಕೂರಿನ ಓದುಗರೇ, ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ನಾವು ಫ್ರಾನ್ಸಿನ ಹೆಣ್ಣು ಕುದುರೆ ಗೋಲ್ಡಿಕೋವಾವನ್ನು 'ಮೈಲಿ ಓಟದ (ಸುಮಾರು 1600 ಮೀಟರ್) ರಾಣಿ' ಎಂದು ಕರೆದಿದ್ದಕ್ಕೆ ನೀವು ಬೇಸರದಿಂದ ಬರೆದಿದ್ದೀರಿ. '27 ಓಟಗಳಲ್ಲಿ 10 ಸಲ ಸೋತ ಕುದುರೆಗೆ ಈ ಬಿರುದೇ? ಇಂಗ್ಲೆಂಡಿನ ಫ್ರಾಂಕೆಲ್ 14ಕ್ಕೆ 14 ಗೆದ್ದಿತ್ತಲ್ಲ!' ನಿಮ್ಮ ತಂದೆ ಬೆಂಗಳೂರಿನ ರೇಸ್ ಕೋರ್ಸಿನ ಲಾಯದಲ್ಲಿ ಮೂವತ್ತು ವರ್ಷ ಕುದುರೆ ನೋಡಿಕೊಂಡವರು ಎಂದೂ ತಿಳಿಸಿದ್ದೀರಿ. ಅಂಥ ಮನೆಯಿಂದ ಬಂದ ಪ್ರಶ್ನೆಗೆ ಎರಡು ಸಾಲಿನ ಉತ್ತರ ಸಾಲದು.

ಫ್ರಾಂಕೆಲ್ ಬಗ್ಗೆ ತಕರಾರಿಲ್ಲ. 2012ರಲ್ಲಿ ಇಂಗ್ಲೆಂಡಿನ ಕ್ವೀನ್ ಆನ್ ಸ್ಟೇಕ್ಸ್ ಓಟವನ್ನು 11 ಲೆಂಗ್ತ್‌ಗಳಿಂದ (ಒಂದು ಲೆಂಗ್ತ್ ಎಂದರೆ ಒಂದು ಕುದುರೆಯ ಉದ್ದ) ಗೆದ್ದ ಕುದುರೆಯ ಎದುರು ಯಾರನ್ನು ನಿಲ್ಲಿಸುವುದು? ಆದರೆ ಫ್ರಾಂಕೆಲ್ ನಾಲ್ಕನೇ ವಯಸ್ಸಿಗೇ ಓಟ ಮುಗಿಸಿತು, ಯುರೋಪ್ ಬಿಟ್ಟು ಹೊರಗೆ ಓಡಲಿಲ್ಲ. ಗೋಲ್ಡಿಕೋವಾ ಆರನೇ ವಯಸ್ಸಿನವರೆಗೆ ಓಡಿತು. ಪ್ರತಿ ವರ್ಷ ಯುರೋಪಿನ ಹಂಗಾಮು ಮುಗಿದು ಉಳಿದ ಕುದುರೆಗಳು ಲಾಯ ಸೇರುವ ಹೊತ್ತಿಗೆ ಇದು ಅಟ್ಲಾಂಟಿಕ್ ದಾಟುತ್ತಿತ್ತು.

ಈಗ ನೀವು ಎಣಿಸಿದ ಆ ಹತ್ತು ಸೋಲುಗಳನ್ನೇ ನೋಡೋಣ. ಆರು ಸಲ ಎರಡನೇ ಸ್ಥಾನ, ಮೂರು ಸಲ ಮೂರನೇ ಸ್ಥಾನ. ಮೊದಲ ಮೂರರಿಂದ ಹೊರಗುಳಿದದ್ದು ಒಂದೇ ಒಂದು ಸಲ, 2009ರಲ್ಲಿ ಫ್ರಾನ್ಸಿನ ಪ್ರಿ ದಿಸ್ಪಹಾನ್ ಓಟದಲ್ಲಿ. ಅದೇ ಓಟವನ್ನು ಮುಂದಿನ ಎರಡು ವರ್ಷವೂ ಗೆದ್ದಿತು. 2008ರಲ್ಲಿ ಫ್ರಾನ್ಸಿನ ಫಿಲ್ಲಿಗಳ (ಎಳೆಯ ಹೆಣ್ಣು ಕುದುರೆಗಳ) ಎರಡು ಕ್ಲಾಸಿಕ್ ಓಟಗಳಲ್ಲಿ, ಅಂದರೆ ಮೂರು ವರ್ಷದ ಕುದುರೆಗಳ ಹಿರಿಯ ಪಂದ್ಯಗಳಲ್ಲಿ, ಸೋತಿತು ನಿಜ, ಆದರೆ ಯಾರ ಕೈಯಲ್ಲಿ? ಎರಡರಲ್ಲೂ ಗೆದ್ದದ್ದು ಝರ್ಕಾವಾ. ಅದು ಏಳಕ್ಕೆ ಏಳೂ ಗೆದ್ದು, ಅದೇ ಅಕ್ಟೋಬರಿನಲ್ಲಿ ಫ್ರಾನ್ಸಿನ ಅತಿ ದೊಡ್ಡ ಓಟವಾದ ಆರ್ಕ್ ಅನ್ನೂ ಎತ್ತಿಕೊಂಡ ಕುದುರೆ. ಅಲ್ಲದೆ ಆ ಎರಡನೇ ಓಟ 2100 ಮೀಟರ್. ಗೋಲ್ಡಿಕೋವಾದ ದೂರ ಅದಲ್ಲ ಎಂದು ತರಬೇತುದಾರ ಫ್ರೆಡ್ಡಿ ಹೆಡ್ ಅಲ್ಲೇ ಮನಗಂಡು ಮೈಲಿಗೆ ಇಳಿಸಿದರು. ಆಗಸ್ಟ್‌ನಲ್ಲಿ ಫ್ರಾನ್ಸಿನ ಡೋವಿಲ್ ರೇಸ್ ಕೋರ್ಸಿನಲ್ಲಿ ಗೆಲುವು, ಸೆಪ್ಟೆಂಬರ್‌ನಲ್ಲಿ ಪ್ರಿ ದು ಮುಲಾಂ ಓಟದಲ್ಲೂ ಗೆಲುವು. ಅಲ್ಲಿ ಹಿಂದೆ ಬಿದ್ದವರಲ್ಲಿ ಆ ವರ್ಷದ ಇಂಗ್ಲೆಂಡ್, ಐರ್ಲೆಂಡ್ ಎರಡೂ ಕಡೆಯ 2000 ಗಿನೀಸ್ ಎಂಬ ಮೈಲಿಯ ಕ್ಲಾಸಿಕ್ ಗೆದ್ದ ಹೆನ್ರಿದನ್ಯಾವಿಗೇಟರ್ ಇತ್ತು.

ಆಮೇಲೆ ಅಮೆರಿಕದ ಬ್ರೀಡರ್ಸ್ ಕಪ್ ಮೈಲ್, ಅಂದರೆ ವರ್ಷದ ಕೊನೆಗೆ ನಡೆಯುವ ಬ್ರೀಡರ್ಸ್ ಕಪ್ ಎಂಬ ದೊಡ್ಡ ಓಟಗಳ ಸರಣಿಯಲ್ಲಿ ಹುಲ್ಲಿನ ಮೇಲಿನ ಮೈಲಿ ಓಟ. ಇದು ಎಂಥ ಓಟ ಎಂದು ನಿಮ್ಮ ತಂದೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಡೋವಿಲ್‌ನಲ್ಲಿ 1600 ಮೀಟರ್ ಎಂದರೆ ಕೋಲು ಎಳೆದಂತೆ ನೇರ ದಾರಿ. ಅಮೆರಿಕದಲ್ಲಿ ಹುಲ್ಲಿನ ಟ್ರ್ಯಾಕು ಮಣ್ಣಿನ ಟ್ರ್ಯಾಕಿನ ಒಳಗಡೆ ಇರುತ್ತದೆ. ಸುತ್ತಳತೆ ಚಿಕ್ಕದು, ತಿರುವು ಬಿಗಿ. ಹೊರಗಿನ ಗೇಟಿನಿಂದ ಹೊರಟರೆ ಒಳಗೆ ಜಾಗ ಸಿಗುವ ಮೊದಲೇ ತಿರುವು ಬಂದುಬಿಡುತ್ತದೆ. ಸಾಂಟಾ ಅನಿಟಾದಲ್ಲಿ 2009ರಲ್ಲಿ ಆದದ್ದು ಇದೇ. ಕೊನೆಯ ತಿರುವಿನಲ್ಲೂ ಗೋಲ್ಡಿಕೋವಾ ಹಿಂದಿನ ಗುಂಪಿನಲ್ಲಿತ್ತು. ಆ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಜಾಕಿ ಒಲಿವಿಯೆ ಪೆಲಿಯೆ ಎಲ್ಲರನ್ನೂ ಬಳಸಿಕೊಂಡು ಹೊರಬದಿಗೆ ತಂದು ಲಗಾಮು ಬಿಟ್ಟರು. ಅಲ್ಲಿಂದ ಅದು ಒಂದೊಂದನ್ನೇ ಹಿಂದಿಕ್ಕುತ್ತ ಬಂದು ಕರೇಜಿಯಸ್ ಕ್ಯಾಟ್ ಅನ್ನು ಗೆರೆಯ ಹತ್ತಿರ ದಾಟಿತು. ಪ್ರತಿ ಸಲ ನೋಡುವಾಗಲೂ ಈ ಬಾರಿ ತಡವಾಯಿತೇನೋ ಎಂದು ಎದೆ ಹೊಡೆದುಕೊಳ್ಳುತ್ತದೆ.

2008, 2009, 2010 ಹೀಗೆ ಮೂರು ವರ್ಷ ಸತತವಾಗಿ ಗೆದ್ದಿತು. ಅಲ್ಲಿಯವರೆಗೆ ಯಾವ ಕುದುರೆಯೂ ಬ್ರೀಡರ್ಸ್ ಕಪ್‌ನಲ್ಲಿ ಮೂರು ಓಟ ಗೆದ್ದಿರಲಿಲ್ಲ. ಹೆಣ್ಣು ಕುದುರೆಗೆ ಒಂದೂವರೆ ಕಿಲೋದಷ್ಟು ತೂಕದ ರಿಯಾಯಿತಿ ಇತ್ತು ಎಂದು ನೀವು ನೆನಪಿಸಿದ್ದೀರಿ, ಸರಿಯೇ. ಆದರೆ ಆ ರಿಯಾಯಿತಿ ಎಲ್ಲ ಹೆಣ್ಣು ಕುದುರೆಗಳಿಗೂ ಇತ್ತು, ಈ ಮೈಲ್ ಓಟವನ್ನು ಮೂರು ಸಲ ಗೆದ್ದದ್ದು ಇದೊಂದೇ.

ಮೂರನೇ ಗೆಲುವು ಬಂದದ್ದು ಕೆಂಟಕಿಯ ಚರ್ಚಿಲ್ ಡೌನ್ಸ್‌ನಲ್ಲಿ. 1988ರಲ್ಲಿ ಇದೇ ಅಂಗಳದಲ್ಲಿ, ಇದೇ ಓಟದಲ್ಲಿ ಮಿಯೆಸ್ಕ್ ಎಂಬ ಫಿಲ್ಲಿ ಸತತ ಎರಡನೇ ಸಲ ಗೆದ್ದಿತ್ತು. ಅದರ ಬೆನ್ನ ಮೇಲಿದ್ದ ಜಾಕಿ ಫ್ರೆಡ್ಡಿ ಹೆಡ್! ಇಪ್ಪತ್ತೆರಡು ವರ್ಷದ ನಂತರ ಅದೇ ಮನುಷ್ಯ ತರಬೇತುದಾರನಾಗಿ ನಿಂತು ತಾನು ಪಳಗಿಸಿದ ಗೋಲ್ಡಿಕೋವಾ ಮಿಯೆಸ್ಕ್‌ನ ಎರಡು ಗೆಲುವುಗಳ ಲೆಕ್ಕವನ್ನು ಮೀರಿದ್ದು ಕಂಡರು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು ಇದು.

2010ರಲ್ಲೇ ನಿಲ್ಲಿಸಿದ್ದರೆ ದಾಖಲೆ ಇನ್ನೂ ಚೊಕ್ಕಟವಾಗಿರುತ್ತಿತ್ತು ಎನ್ನುತ್ತೀರಿ. ಮಾಲೀಕರಾದ ವರ್ಟ್‌ಹೈಮರ್ ಸಹೋದರರು ನಿಲ್ಲಿಸಲಿಲ್ಲ. 2011ರಲ್ಲಿ ಇನ್ನೆರಡು ಗ್ರೂಪ್ 1 (ಅತ್ಯುನ್ನತ ದರ್ಜೆಯ ಓಟ) ಗೆಲುವು ಸೇರಿ ಒಟ್ಟು 14 ಆಯಿತು. ಯುರೋಪಿನಲ್ಲಿ ತರಬೇತಾದ ಯಾವ ಕುದುರೆಯೂ ಆಗ ಅಷ್ಟು ಗೆದ್ದಿರಲಿಲ್ಲ. ಹತ್ತರಲ್ಲಿ ನಾಲ್ಕು ಸೋಲು ಬಂದದ್ದೂ ಆ ವರ್ಷವೇ. ಕೊನೆಯ ಓಟ ಮತ್ತೆ ಚರ್ಚಿಲ್ ಡೌನ್ಸ್‌ನಲ್ಲಿ: ಬಾಜಿಯಲ್ಲಿ 64ಕ್ಕೆ 1ರ ಬೆಲೆಯ, ಅಂದರೆ ಗೆಲ್ಲುವ ನಿರೀಕ್ಷೆಯೇ ಇಲ್ಲದ, ಕೋರ್ಟ್ ವಿಷನ್ ಗೆದ್ದಿತು, ಗೋಲ್ಡಿಕೋವಾ ಮೂರನೆಯದಾಯಿತು. ಆ ಸೋಲು ನನಗೂ ನೋವು ತಂದಿತ್ತು. ಆದರೂ ಅದನ್ನು ಮುಚ್ಚಿಟ್ಟು ಬಿರುದು ಕೊಡುವ ಅಗತ್ಯ ನನಗೆ ಕಂಡಿಲ್ಲ.

ಒಂದು ತಪ್ಪು ಮಾತ್ರ ನಮ್ಮದೇ. ಡೋವಿಲ್‌ನ ಪ್ರಿ ರಾಥ್ಸ್‌ಚೈಲ್ಡ್ ಓಟವನ್ನು ಗೋಲ್ಡಿಕೋವಾ ಎರಡು ಸಲ ಗೆದ್ದಿತೆಂದು ಕಳೆದ ಸಂಚಿಕೆಯಲ್ಲಿ ಅಚ್ಚಾಗಿದೆ. 2008ರಿಂದ 2011ರವರೆಗೆ ನಾಲ್ಕು ಸಲ ಎಂದು ಓದಿಕೊಳ್ಳಬೇಕು. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ನೋಡಿಕೊಂಡ ಮೈಲಿ ಕುದುರೆಗಳ ನೆನಪುಗಳನ್ನು ನೀವು ಬರೆದು ಕಳಿಸಿದರೆ ಖಂಡಿತ ಪ್ರಕಟಿಸುತ್ತೇವೆ.

– ಸಂ.